ಬಸ್ಸು ನಿಲ್ಲದ ಮಳೆಗಾಲ

ಕುದ್ದು ಉಕ್ಕಿದ ರೇಡಿಯೇಟರಿನ ನೀರಿಗೆ ಒಂದು ವಾಸನೆ ಇರುತ್ತದೆ. ತುಕ್ಕು, ರಬ್ಬರು, ಸುಟ್ಟ ಗ್ರೀಸು ಎಲ್ಲ ಸೇರಿದ್ದು. ಮಂದಿ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಹಸಿದವನ ಮೂಗಿಗೆ ಒಗ್ಗರಣೆ ಬಡಿದ ಹಾಗೆ. ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಳೆ ಬಿಡಲಿ ಅಂತ ಕೂತಿದ್ದೆ. ಒಂದು ಬಸ್ಸು ಮುಂದಿನಿಂದ ಹಬೆ ಬಿಡುತ್ತ ಬಂದು ನಿಂತಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ, ಒಳಗೆ ಇಣುಕಿದ, ಆಮೇಲೆ ಯಾರಿಗೋ ಫೋನ್ ಹಚ್ಚಿದ. ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಬೆಂಚಿನ ಕೆಳಗೆ ಹೋಗಿ ಪಾನಾ, ಇಕ್ಕಳ ತುಂಬಿದ ಚೀಲ ತಡಕಾಡಿತು. ಚೀಲ ಎಲ್ಲಿಯದು, ಅದನ್ನು ಕೆಳಗಿಟ್ಟು ವರ್ಷಗಳೇ ಆದವು. ಪಕ್ಕದಲ್ಲಿ ಕೂತಿದ್ದ ಮುದುಕಿ, "ಯಾಕಪಾ, ಏನರ ಕಳಕೊಂಡಿ?" ಅಂದಳು.

"ಇಲ್ಲಬೇ" ಅಂದೆ.

ಕಳೆದುಕೊಂಡದ್ದು ಇತ್ತು. ಆದರೆ ಅದು ಮೊನ್ನೆಯ ಮಾತಲ್ಲ, ತೊಂಬತ್ತರ ದಶಕದ ಒಂದು ಮಳೆಗಾಲದ್ದು.

ಆಗ ಕೊಟ್ಟೂರಿನಲ್ಲಿ ನಮ್ಮ ಸಾಹುಕಾರರ ಬಸ್ಸುಗಳ ಶೆಡ್ಡಿತ್ತು. ಎಂಟೊಂಬತ್ತು ಬಸ್ಸು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ನಾಲ್ಕೂ ಕಡೆ ಓಡಾಡುತ್ತಿದ್ದವು. ನಾನು ಆರನೇ ಕ್ಲಾಸಿಗೆ ಸಾಲಿ ಬಿಟ್ಟು ಪಂಕ್ಚರ್ ಅಂಗಡಿ ಸೇರಿದವನು. ಅಲ್ಲಿಂದ ಲಾರಿ ಗ್ಯಾರೇಜು, ಅಲ್ಲಿಂದ ಈ ಶೆಡ್ಡು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಬೈಸಿಕೊಂಡು, ಕೈ ಸುಟ್ಟುಕೊಂಡು ಕಲಿತೆ. ಆ ಹೊತ್ತಿಗೆ ನಾನೇ ಹೆಡ್ ಮೆಕ್ಯಾನಿಕ್. ನಾಗಪ್ಪ ಅನ್ನುವ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು, ಉಳಿದ ಕಡೆಯೆಲ್ಲ ನಾನು ಉಸ್ತಾದ.

ಬಸ್ಸು ದಾರಿಯಲ್ಲಿ ನಿಲ್ಲುವುದು ಆಗ ಎತ್ತಿಗೆ ಕೆಮ್ಮು ಬಂದಷ್ಟೇ ಸಹಜ. ಎದುರಿಂದ ಬಂದ ಲಾರಿಯವನ ಬಾಯಲ್ಲೋ, ಯಾವುದಾದರೂ ಊರಿನ ಎಸ್‌ಟಿಡಿ ಬೂತಿನಿಂದಲೋ ಸುದ್ದಿ ಬರುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಸಿಕ್ಕ ಗಾಡಿ ಹತ್ತುತ್ತಿದ್ದೆ. ದೂರದಿಂದ ಬಸ್ಸು ಕಾಣುವುದು, ಗಿಡದ ನೆರಳಿಗೆ ಕೂತ ಜನ ನನ್ನನ್ನು ಕಂಡು ಎದ್ದು ನಿಲ್ಲುವುದು, ಕಂಡಕ್ಟರ್ "ಬಂದ್ರು ಬಂದ್ರು, ಉಸ್ತಾದ್ರು ಬಂದ್ರು" ಅಂತ ಕೂಗುವುದು. ಅಷ್ಟು ಹೊತ್ತು ಸಾಹುಕಾರರ ತಾಯಿ ತಂದೆಯನ್ನೆಲ್ಲ ಜಾಲಾಡಿದ ಬಾಯಿಗಳೇ ನನಗೆ ದಾರಿ ಬಿಡುತ್ತಿದ್ದವು. ಒಮ್ಮೆ ಮಾಗಳದ ಹತ್ತಿರ ಮದುವೆ ದಿಬ್ಬಣದ ಬಸ್ಸು ನಿಂತಿತ್ತು. ಎಂಜಿನ್ ಗುರ್ ಅಂದದ್ದೇ ಮದುಮಗನ ಅಪ್ಪ ಬಂದು ಗ್ರೀಸಿನ ಸಮೇತ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಹೊಸ ಅಂಗಿಯ ತೋಳು ಕರಿ ಆಯಿತು, ಅವನು ನೋಡಲೂ ಇಲ್ಲ. ಓದಿದವರಿಗೆ ಸರ್ಟಿಫಿಕೇಟು ಇರುತ್ತದೆ, ನನಗೆ ಅದು.

ಡ್ರೈವರುಗಳಿಗೆ ನನ್ನದೊಂದು ಕಟ್ಟಳೆಯಿತ್ತು. ಸ್ಟೇರಿಂಗ್ ನಿಮ್ಮದು, ಬಾನೆಟ್ ನನ್ನದು. ಯಾವನಾದರೂ ಪಾನಾ ಮುಟ್ಟಿದರೆ, "ನಾಳಿಂದ ನೀನ ಉಸ್ತಾದ ಆಗು, ನಾ ಹೋಗಿ ಹಾರನ್ ಹೊಡೀತೀನಿ" ಅಂತ ಎಲ್ಲರೆದುರು ಅನ್ನುತ್ತಿದ್ದೆ. ಅವರಿಗೂ ಅದು ಸುಖವೇ ಆಗಿತ್ತು. ಬಿಳಿ ಬಟ್ಟೆ ಬಿಳಿಯಾಗಿಯೇ ಇರುತ್ತಿತ್ತು.

ಆ ವರ್ಷ ಮುಂಗಾರು ಶುರುವಾಗುವಾಗ ದೊಡ್ಡ ಸಾಹುಕಾರರ ಮಗ ವ್ಯವಹಾರ ಕೈಗೆ ತಗೊಂಡ. ನಾವು ಸಣ್ಣ ಸಾಹುಕಾರ ಅಂತಿದ್ದೆವು. ಒಂದು ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿಗೆ ಕರೆದು, ಚಾ ಕೊಡಿಸಿ, ತಾನೂ ಟೈರಿನ ಮೇಲೆ ಕೂತ.

"ಹೋದ ಮಳಿಗಾಲದಾಗ ತಿಂಗಳಿಗೆ ಹತ್ತು ಹನ್ನೆರಡು ಸಲ ಬಸ್ಸು ದಾರ್ಯಾಗ ನಿಂತಾವು. ಈ ಮಳಿಗಾಲದಾಗ ತಿಂಗಳಿಗೆ ಎರಡಕ್ಕಿಂತ ಹೆಚ್ಚಿಗಿ ನಿಲ್ಲಬಾರದು. ಹಡಗಲಿ ಹೂವಿನೋರು ಕಡೀ ಮಾತು ಹೇಳ್ಯಾರ. ಇನ್ನೊಮ್ಮಿ ಹೂವು ಬಾಡಿದ್ರ ಬುಟ್ಟಿ ಎಲ್ಲಾ ಟೆಂಪೋದೋರಿಗೆ ಕೊಡ್ತಾರಂತ. ಇದು ಒಬ್ಬರ ಕೆಲಸ ಅಲ್ಲ, ಎಲ್ಲಾರದೂ."

ಹೂವಿನ ಬಸ್ಸು ಅಂದರೆ ಮಾಗಳದಲ್ಲಿ ರಾತ್ರಿ ತಂಗಿ, ನಸುಕಿಗೆ ಹೊರಟು, ಹಡಗಲಿಯಲ್ಲಿ ಮಲ್ಲಿಗೆ ಬುಟ್ಟಿ ಮೇಲೇರಿಸಿಕೊಂಡು ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋಗುವ ಬಸ್ಸು. ಅದರ ಡ್ರೈವರ್ ದಾದಾಪೀರ, ನನ್ನ ಗೆಳೆಯ. ಎಲ್ಲರೂ "ಆತ್ರಿ, ಆತ್ರಿ" ಅಂದು ಚಾ ಕುಡಿದು ಎದ್ದರು. ಎಲ್ಲರದೂ ಅಂದ ಕೆಲಸ ಯಾರದೂ ಅಲ್ಲ ಅಂತ ನನಗೆ ಗೊತ್ತಿತ್ತು. ಅಂದರೆ ಅದು ನನ್ನದೇ. ಇನ್ನು ಮೇಲೆ ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಬಾರದು, ಸುದ್ದಿ ಬಂದ ಗಳಿಗೆಗೆ ಹೊರಡಬೇಕು ಅಂತ ಅಂದುಕೊಂಡೆ.

ಮೈಲಾರಪ್ಪ ಮಾತ್ರ ಏಳಲಿಲ್ಲ. ಅವನು ಮೈಲಾರದ ಕಡೆಯವನು, ವಯಸ್ಸು ನನ್ನದೇ. ಹಡಗಲಿ ಲೈನಿನಲ್ಲಿ ಕಂಡಕ್ಟರ್ ಆಗಿದ್ದ. ಮೊಣಕಾಲು ಹಿಡಿದುಕೊಂಡ ಮೇಲೆ, ನಿಂತು ಟಿಕೆಟ್ ಹರಿಯಲಾಗದೆ ಶೆಡ್ಡಿನಲ್ಲಿ ಟೈಮ್ ಕೀಪರ್ ಆಗಿ ಕೂತಿದ್ದ. ಪಾನಾ ಹಿಡಿಯಲು ಬರುವುದಿಲ್ಲ. ನಟ್ಟನ್ನು ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಅನ್ನುವುದಕ್ಕೂ ಎರಡು ಸಲ ಯೋಚನೆ ಮಾಡುವವನು. ಮಾತು ಮಾತ್ರ ಬೆಣ್ಣೆ.

"ಉಸ್ತಾದ್ರ, ಒಂದು ಕೇಳ್ಲೇನು?" ಅಂದ. "ಬರೇ ಎರಡ ಸಲ ನಿಲ್ಲಬೇಕು ಅಂದ್ರ, ನಾಳಿ ಮುಂಜಾನಿ ದಾದಾಪೀರ ಏನ ಮಾಡಬೇಕು?"

"ಬಸ್ಸು ಓಡಿಸಬೇಕು."

"ಅದನ್ನ ಇವತ್ತೂ ಮಾಡ್ಯಾನ. ಬ್ಯಾರೇದು ಏನ ಮಾಡಬೇಕು?"

"ಅವ ಏನೂ ಮಾಡೋದು ಬ್ಯಾಡ. ನಾ ಲಗೂನ ಹೋಗಿ ರಿಪೇರಿ ಮಾಡ್ತೀನಿ."

ಅವನು ಮೊಣಕಾಲು ನೀವಿಕೊಳ್ಳುತ್ತ ಅಂದ, "ನೀವು ಲಗೂನ ಹೋದ್ರ ಬಸ್ಸು ಲಗೂನ ಹೊಂಡತೈತಿ. ಖರೇ. ಆದ್ರ ನಿಂತದ್ದು ನಿಂತಂಗ ಆತಲ್ರಿ."

ನನಗೆ ಮೈಯೆಲ್ಲ ಉರಿಯಿತು. ಮಾತು ತಪ್ಪಿದ್ದರೆ ನಕ್ಕು ಬಿಡುತ್ತಿದ್ದೆ. ತಪ್ಪಿರಲಿಲ್ಲ.

ಅದಾದ ಮೇಲೆ ಅವನು ದಿನಾ ಚಾ ಹೊತ್ತಿಗೆ ನನ್ನ ಪಕ್ಕ ಬಂದು ಕೂರತೊಡಗಿದ. "ಹೋದ ವರ್ಷ ಚಿಗಟೇರಿ ಹತ್ರ ನಿಂತಿತ್ತಲ್ರಿ, ಅವತ್ತು ಏನಾಗಿತ್ತು?" ಅನ್ನುವನು. ನಾನೋ, ಕೇಳುವವರು ಸಿಕ್ಕರೆ ಬಿಡುವವನಲ್ಲ. ಮಳೆಯಲ್ಲಿ ಹೇಗೆ ಮಲಗಿ ಕೆಲಸ ಮಾಡಿದೆ, ಜನ ಏನಂದರು, ಯಾರು ಮಜ್ಜಿಗೆ ತಂದುಕೊಟ್ಟರು ಅಂತ ಎಲ್ಲ ಹೇಳಿದೆ. ನಾನು ಕತೆ ಹೇಳುತ್ತಿದ್ದೆ, ಅವನು ಕಾರಣ ಆರಿಸಿಕೊಳ್ಳುತ್ತಿದ್ದ. ಜೋಳದಿಂದ ಕಲ್ಲು ಆರಿಸಿದ ಹಾಗೆ. ವಾರದೊಳಗೆ ಅವನ ಕೈಯಲ್ಲಿ ನಾಲ್ಕೇ ನಾಲ್ಕು ಕಲ್ಲು ಉಳಿದವು. ಹಡಗಲಿ ಲೈನಿನಲ್ಲಿ ಫ್ಯಾನ್ ಬೆಲ್ಟು ಹರಿಯುವುದು, ಹಳೆಯ ಹೋಸ್ ಪೈಪು ಒಡೆಯುವುದು. ಕೂಡ್ಲಿಗಿ ಲೈನಿನಲ್ಲಿ ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕು ಟೈರು ಹೋಗುವುದು. ಹರಪನಹಳ್ಳಿ ಲೈನಿನಲ್ಲಿ ಮೇಲೆ ಚೀಲ ಹೇರಿ ಭಾರಕ್ಕೆ ಅಡಿಯ ಕಮಾನ್ ಪಟ್ಟಿ ಮುರಿಯುವುದು.

ಹೇಳಿದವನು ನಾನು. ಆದರೆ ಹಾಗೆ ಒಂದು ಕಡೆ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಒಂದೊಂದು ಸಲ ನಿಂತದ್ದೂ ನನಗೆ ಒಂದೊಂದು ಗೆಲುವು, ಗೆಲುವನ್ನು ಯಾರು ಗುಂಪು ಹಾಕುತ್ತಾರೆ?

ಆಮೇಲೆ ಹಂಚಿಕೆ ಶುರುವಾಯಿತು. ಕೂಡ್ಲಿಗಿ ಬಸ್ಸಿನ ಕ್ಲೀನರನಿಗೆ, "ನಿಮ್ಮ ಡ್ರೈವರ್ ಕೂಡ್ಲಿಗ್ಯಾಗ ಬೀಡಿ ಹಚ್ಚತಾನ ನೋಡು, ಅದು ಆರೋದ್ರಾಗ ಟೈರಿನ ಕಲ್ಲು ತಗದಿರಬೇಕು" ಅಂದ. ಹರಪನಹಳ್ಳಿ ಕಂಡಕ್ಟರನಿಗೆ, "ಚೀಲ ನೀನ ಹತ್ತಸ್ತಿ. ಕಮಾನ್ ಮುರದ್ರ ಮುಂದಿನ ಬಸ್ ಸ್ಟಾಪಿನ ತನಕ ನೀನ ಹೊತ್ಕೊಂಡು ಹೋಗು" ಅಂದ. ಯಾರಿಗೂ ಎರಡು ಕೆಲಸ ಹೇಳಲಿಲ್ಲ. ಯಾರಿಗೂ ತಿಂಗಳಿಗೆ ಎರಡು ಅನ್ನುವ ಲೆಕ್ಕ ಹೇಳಲಿಲ್ಲ. "ಆ ಲೆಕ್ಕ ಸಣ್ಣ ಸಾಹುಕಾರ್ರದು. ನಿಂದು ಬೀಡಿ ಆರೋದ್ರಾಗ ಮುಗೀತೈತಿ" ಅನ್ನುವನು. ಮಂದಿ ನಗುತ್ತ ಮಾಡಿದರು. ನಾನು ಹತ್ತು ವರ್ಷ ಗದರಿಸಿ ಅವರನ್ನು ದೂರ ಇಟ್ಟಿದ್ದೆ. ಇವನು ಹದಿನೈದು ದಿನದಲ್ಲಿ ನಗಿಸಿ ಹತ್ತಿರ ತಂದ.

ಡ್ರೈವರುಗಳ ವಿಷಯವೇ ಕಷ್ಟವಿತ್ತು, ನನ್ನ ಕಟ್ಟಳೆ ಇತ್ತಲ್ಲ. ಅದಕ್ಕೆ ಅವನು ಅಮಾವಾಸ್ಯೆಯನ್ನು ಹಿಡಿದ. ನಮ್ಮ ಕಡೆ ಅಮಾವಾಸ್ಯೆ ದಿನ ಬಸ್ಸು ತೊಳೆದು, ಕುಂಕುಮ ಇಟ್ಟು, ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯದೆ ಯಾವ ಡ್ರೈವರೂ ಗೇರ್ ಹಾಕುವುದಿಲ್ಲ. ಅವತ್ತು ಬಾನೆಟ್ ಎತ್ತಿ ಎಂಜಿನ್ನಿಗೂ ಊದುಬತ್ತಿ ಬೆಳಗುತ್ತಾರೆ. ಬಾನೆಟ್ ಡ್ರೈವರ್ ಕೈಯಲ್ಲಿ ಏಳುವುದು ಅದೊಂದೇ ದಿನ.

"ಉಸ್ತಾದ್ರ," ಅಂದ ಮೈಲಾರಪ್ಪ, ಊದುಬತ್ತಿ ಹೊಗೆಯ ನಡುವೆ, ಎಲ್ಲರಿಗೂ ಕೇಳಿಸುವ ಹಾಗೆ, "ಹೆಂಗೂ ಬಾನೆಟ್ ತಗದೈತಿ. ನೀವು ಬೆಲ್ಟ್ ಹಾಕೋದು ಒಮ್ಮಿ ತೋರಿಸ್ರಿ. ನಾವು ಬರೇ ಬಸ್ಸು ಹೊಂಟದ್ದ ನೋಡೀವಿ, ನಿಮ್ಮ ಕೈ ನೋಡಿಲ್ಲ."

ನಾನು ಉಬ್ಬಿದೆ. ತೋಳು ಮಡಚಿ ಹಳೇ ಬೆಲ್ಟ್ ಬಿಚ್ಚಿ ಹೊಸದು ಹಾಕಿದೆ. ಒಡೆದ ಹೋಸಿಗೆ ಸೈಕಲ್ ಟ್ಯೂಬ್ ಸುತ್ತಿ ಬಿಗಿಯುವುದನ್ನೂ ತೋರಿಸಿದೆ. "ಇನ್ನೊಮ್ಮಿ, ಸಾವಕಾಶ" ಅಂದ ದಾದಾಪೀರ. ಇನ್ನೊಮ್ಮೆಯೂ ತೋರಿಸಿದೆ. ಬಿಳಿ ಬಟ್ಟೆಯವರು, ಇವರಿಗೆಲ್ಲಿ ಬಂದೀತು ಅಂತ ಒಳಗೇ ನಗು. ಅವತ್ತು ಸಂಜೆ ಪ್ರತಿ ಡ್ರೈವರ್ ಸೀಟಿನ ಹಿಂದೆ ಒಂದೊಂದು ಬೆಲ್ಟು, ಒಂದೊಂದು ಪಾನಾ ತೂಗಿತು. ಬೆಲ್ಟು ತರಿಸಿದವನು ಮೈಲಾರಪ್ಪ. ದಿನಾ ಮುಂಜಾನೆ ಹೋಸ್ ಒತ್ತಿ ನೋಡಿ ಹೊರಡಬೇಕು ಅಂತ ಹೇಳಿದವನೂ ಅವನೇ. ಆಗಲೂ ನನಗೆ ಹೊಳೆಯಲಿಲ್ಲ, ನೋಡ್ರಿ.

ಮಳೆ ಜೋರಾಯಿತು. ಕರಿಮಣ್ಣಿನ ದಾರಿಗಳು ಅಂಟಾದವು, ಹಳ್ಳ ತುಂಬಿದವು. ಹಿಂದಿನ ವರ್ಷಗಳಲ್ಲಿ ಆ ವಾರಗಳಲ್ಲಿ ನನಗೆ ಮೈ ತುರಿಸಲೂ ಪುರುಸೊತ್ತಿರುತ್ತಿರಲಿಲ್ಲ. ಈಗ ಶೆಡ್ಡಿನ ಬಾಗಿಲಲ್ಲಿ ಕೂತು ತಗಡಿನ ಮೇಲೆ ಬೀಳುವ ಮಳೆ ಕೇಳುತ್ತಿದ್ದೆ. ಲಾರಿ ನಿಧಾನವಾದರೆ ಎದ್ದು ನಿಲ್ಲುತ್ತಿದ್ದೆ. ಲಾರಿಯವನು ಚಾ ಅಂಗಡಿ ಕಡೆ ತಿರುಗುತ್ತಿದ್ದ. ಎದುರಿಗೆ ಮೈಲಾರಪ್ಪ ಟೇಬಲ್ಲಿನ ಹಿಂದೆ ಕಾಲು ಚಾಚಿ ಕೂತಿರುತ್ತಿದ್ದ. ಬರುವ ಡ್ರೈವರುಗಳು ಮೊದಲೆಲ್ಲ "ಉಸ್ತಾದ, ಕ್ಲಚ್ ಸದ್ದು ಮಾಡಾಕತ್ತೈತಿ" ಅಂತ ನನ್ನ ಕಡೆ ಬರುತ್ತಿದ್ದವರು, ಈಗ ಮೊದಲು ಅವನ ಹತ್ತಿರ ಹೋಗಿ "ಹೋಸ್ ಒತ್ತಿ ನೋಡಿದೆ, ಚಲೋ ಐತಿ" ಅಂತ ವರದಿ ಕೊಡುತ್ತಿದ್ದರು. ಅವನು ಒಬ್ಬೊಬ್ಬನಿಗೂ "ಭೇಷ್ ಆತು" ಅನ್ನುವನು. ಆ ಭೇಷ್ ಒಂದೊಂದೂ ನನ್ನ ಕಿವಿಯಲ್ಲಿ ಇರುವೆ ಹೊಕ್ಕಂತೆ ಹೋಗುತ್ತಿತ್ತು. ಅವನ ಕೈ ನೋಡುತ್ತಿದ್ದೆ. ಒಂದು ಗೀರಿಲ್ಲ, ಉಗುರಿನ ಸಂದಿಯಲ್ಲಿ ಕರಿಯಿಲ್ಲ. ಆ ಕೈಗೆ ಎಂಟೊಂಬತ್ತು ಬಸ್ಸು ಅಡ್ಡಬಿದ್ದಿದ್ದವು.

ಮನೆಯಲ್ಲಿ ಗೌರಮ್ಮ, ನನ್ನ ಹೆಂಡತಿ, ರೊಟ್ಟಿ ಬಡಿಯುತ್ತ ಕೇಳಿದಳು. "ಮೊದಲ ಬಸ್ಸು ನಿಂತ್ರ ಊರ ಮಂದಿಗೆ ಸಂಕಟ ಆಗ್ತಿತ್ತು. ಈಗ ಬಸ್ಸು ನಿಲ್ಲದಿದ್ರ ನಿಮಗ ಸಂಕಟ ಆಗಾಕತ್ತೈತೇನು?"

"ನಾ ಏನಂದೆ?"

"ಏನೂ ಅಂದಿಲ್ಲ. ಪಲ್ಯಕ್ಕ ಉಪ್ಪ ಹಾಕಿಲ್ಲ ನಾ, ಅದನ್ನೂ ಅಂದಿಲ್ಲ ನೀವು."

ಶ್ರಾವಣದ ಒಂದು ಬೆಳಿಗ್ಗೆ ಕೊನೆಗೂ ಸುದ್ದಿ ಬಂತು. ಹಾಲಿನ ವ್ಯಾನಿನವನು ಶೆಡ್ಡಿನ ಮುಂದೆ ನಿಲ್ಲಿಸಿ, "ಹೂವಿನ ಬಸ್ಸು ನಿಂತೈತ್ರಿ, ಹರಪನಹಳ್ಳಿ ಆಕಡಿ, ಹಡಗಲಿ ದಾರ್ಯಾಗ. ಮುಂದಿಂದ ಬರೀ ಹಬಿ" ಅಂದ. ಹೂವಿನ ಬುಟ್ಟಿ ಕೈತಪ್ಪಿದರೆ ಸಾಹುಕಾರರಿಗೆ ಎಂಥ ಪೆಟ್ಟು ಅಂತ ನನಗೆ ಗೊತ್ತಿತ್ತು. ಆದರೂ ಎದೆಯೊಳಗೆ ಹಲಗೆ ಬಾರಿಸಿದ ಹಾಗಾಯಿತು. ಮೈಲಾರಪ್ಪನ ಮುಖ ಬಿಳಚಿಕೊಂಡಿತು. ಅದನ್ನು ನೋಡಿಯೇ ನಾನು ಹೊರಟೆ, ಕಣ್ತುಂಬ ನೋಡಿ.

ಹರಪನಹಳ್ಳಿವರೆಗೆ ಬಸ್ಸು, ಅಲ್ಲಿಂದ ಈರುಳ್ಳಿ ಲಾರಿ. ಮಳೆ ಹನಿಯುತ್ತಿತ್ತು. ದಾರಿಯುದ್ದಕ್ಕೂ ಹೂವಿನೋರಿಗೆ ಹೇಳುವ ಮಾತು ಜೋಡಿಸಿಕೊಂಡೆ, ಮೈಲಾರಪ್ಪನಿಗೆ ಹೇಳುವ ಮಾತು ಅದಕ್ಕಿಂತ ಚೆನ್ನಾಗಿ ಜೋಡಿಸಿಕೊಂಡೆ. ಲಾರಿಯವನು ತನ್ನ ಊರಿನ ಅಡ್ಡದಾರಿಯಲ್ಲಿ ನನ್ನನ್ನು ಇಳಿಸಿದ. ಇನ್ನೊಂದು ಗಾಡಿಗೆ ಕೈ ಮಾಡುತ್ತ ನಿಂತಿದ್ದೆ. ಆಗ ತಿರುವಿನಲ್ಲಿ ಒಂದು ಹಾರನ್ ಕೇಳಿಸಿತು. ಆ ಹಾರನ್ ನಾನೇ ಕೂರಿಸಿದ್ದು.

ಹೂವಿನ ಬಸ್ಸು ಎದುರಿಂದ ಬಂತು. ಮೇಲೆ ತಾಡಪತ್ರಿ ಹೊದಿಸಿದ ಬುಟ್ಟಿಗಳು. ಮಲ್ಲಿಗೆ ವಾಸನೆ ಬಸ್ಸಿಗಿಂತ ಮೊದಲು ನನ್ನನ್ನು ದಾಟಿತು. ದಾದಾಪೀರ ಕಿಟಕಿಯಿಂದ ಕೈ ಹೊರಗೆ ಹಾಕಿದ. ಮೊಣಕೈವರೆಗೆ ಗ್ರೀಸು, ಬಿಳಿ ಅಂಗಿಯ ಎದೆಯ ಮೇಲೆ ದೊಡ್ಡ ಕರಿ ಕಲೆ, ಮುಖದ ತುಂಬ ನಗು. "ಉಸ್ತಾದ, ನಾನ ಹಾಕಿದೆ! ಬೆಲ್ಟು ನಾನ ಹಾಕಿದೆ!" ಅಂತ ಕೂಗಿದ. ನಿಲ್ಲಿಸಲಿಲ್ಲ. ನಿಲ್ಲಿಸಬಾರದಿತ್ತು ಕೂಡ, ಹೂವಿಗೆ ಹೊತ್ತಾಗಿತ್ತು. ಕಿಟಕಿಯಲ್ಲಿದ್ದ ಯಾರೋ ಒಬ್ಬ ಪ್ಯಾಸೆಂಜರ್ ನನ್ನ ಕಡೆ ನೋಡಿದ. ಮಳೆಯಲ್ಲಿ ಚೀಲ ಹೊತ್ತು ನಿಂತ ಯಾವುದೋ ಊರಿನವ ಅಂತ ಅಂದುಕೊಂಡಿರಬೇಕು.

ಆ ಅಡ್ಡದಾರಿಯಲ್ಲಿ ಎಷ್ಟು ಹೊತ್ತು ನಿಂತೆನೋ. ಬೇರೆ ಯಾರಾದರೂ ಮೆಕ್ಯಾನಿಕ್ ಬಂದು ಬಸ್ಸು ಹೊರಡಿಸಿದ್ದರೆ ಅವನ ಕೆಲಸದಲ್ಲಿ ಒಂದು ಕೊಂಕು ಹುಡುಕುತ್ತಿದ್ದೆ. ಇಲ್ಲಿ ಎಲ್ಲಿ ಹುಡುಕಲಿ? ಕೈಚಳಕ ನನ್ನದೇ, ದಾದಾಪೀರನ ಕೈಯಲ್ಲಿ. ಅದನ್ನು ನನ್ನಿಂದ ತೆಗೆದು ಅಲ್ಲಿ ಇಟ್ಟವನು ಪಾನಾ ಹಿಡಿಯಲು ಬಾರದವನು.

ಮಳೆಗಾಲ ಮುಗಿಯುವ ಹೊತ್ತಿಗೆ ಸಣ್ಣ ಸಾಹುಕಾರ ಮತ್ತೆ ಎಲ್ಲರನ್ನೂ ಕರೆದ. ಲೆಕ್ಕ ಅವನು ಹೇಳಿದ್ದಕ್ಕಿಂತಲೂ ಕೆಳಗೇ ಇತ್ತು. ಹೂವಿನೋರು ಬಿಟ್ಟು ಹೋಗಲಿಲ್ಲ. ಇದು ಯಾರ ಕೆಲಸ ಅಂತ ಕೇಳಿದಾಗ ಎಲ್ಲರೂ ಮೈಲಾರಪ್ಪನ ಕಡೆ ನೋಡಿದರು. ಅವನು ಕಷ್ಟಪಟ್ಟು ಎದ್ದು ನಿಂತ.

"ನಂದೇನೈತ್ರಿ ಸಾಹುಕಾರ್ರ. ಕಲಿಸಿದೋರು ಉಸ್ತಾದ್ರು. ಅವರು ತಮ್ಮ ವಿದ್ಯಾ ಮುಚ್ಚಿಟ್ಕೊಂಡಿದ್ರ ನಾವು ಇನ್ನೂ ದಾರ್ಯಾಗ ನಿಂತಿರತಿದ್ವಿ."

ಎಲ್ಲರೂ ಚಪ್ಪಾಳೆ ಹೊಡೆದರು. ದಾದಾಪೀರ ಎಲ್ಲರಿಗಿಂತ ಜೋರು. ನಾನು ನೆಲ ನೋಡಿದೆ. ಮಂದಿ ನನಗೆ ನಾಚಿಕೆ ಅಂದುಕೊಂಡರು. ಒಳಗೆ ಬೆಂಕಿ ಬಿದ್ದಿತ್ತು. ಅವನು ಹೆಸರನ್ನು ತಾನೇ ಇಟ್ಟುಕೊಂಡಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು. ಅದನ್ನೂ ದಾನ ಮಾಡಿದ. ನಾನು ದುಡಿದು ತಗೊಳ್ಳುವವನು, ಕೊಟ್ಟದ್ದನ್ನು ತಗೊಂಡು ಅಭ್ಯಾಸವಿಲ್ಲ.

ಸಣ್ಣ ಸಾಹುಕಾರ ನನಗೆ, "ಇನ್ನ ನೀವು ದಾರಿ ಮ್ಯಾಲ ತಿರುಗೋದು ಬ್ಯಾಡ ಉಸ್ತಾದ್ರ. ಶೆಡ್ಡಿನ್ಯಾಗ ಇದ್ದು ಒಂದೊಂದ ಎಂಜಿನ್ ಪೂರಾ ಬಿಚ್ಚಿ ಕಟ್ರಿ" ಅಂದ. ದೊಡ್ಡ ಕೆಲಸವೇ. ಅದನ್ನು ನಾನು ಚೆನ್ನಾಗಿಯೇ ಮಾಡಿದೆ. ಆದರೆ ಬಿಚ್ಚಿ ಕಟ್ಟಿದ ಎಂಜಿನ್ ಶುರುವಾದಾಗ ಎದ್ದು ನಿಲ್ಲುವ ಜನ ಶೆಡ್ಡಿನಲ್ಲಿ ಇರುವುದಿಲ್ಲ.

ಅದೇ ವರ್ಷ ಹಿಂಗಾರಿನಲ್ಲಿ ತಂಗಿಯ ಮನೆಗೆ ಅಂತ ಕೂಡ್ಲಿಗಿ ಬಸ್ಸು ಹತ್ತಿದ್ದೆ. ದಾರಿಯ ನಡುವೆ ಬೇರೆ ಸಾಹುಕಾರರ ಬಸ್ಸೊಂದು ನಿಂತಿತ್ತು. ಹುಣಸೆ ಗಿಡದ ಕೆಳಗೆ ಜನ, ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಕ್ಕಳು. ನಮ್ಮ ಡ್ರೈವರಿಗೆ "ಇಳಿಸಪಾ" ಅಂದೆ. ಹೋಸ್ ಪೈಪು ಸೀಳಿತ್ತು. ಅವರ ಕ್ಲೀನರನ ಹತ್ತಿರ ಇದ್ದ ಹಳೇ ಟ್ಯೂಬು ಕೊಯ್ದು ಸುತ್ತಿ, ತಂತಿ ಬಿಗಿದು, ಹಳ್ಳದ ನೀರು ತುಂಬಿಸಿದೆ. ಎಂಜಿನ್ ಹತ್ತಿಕೊಂಡಿತು. ಒಬ್ಬ ಮುದುಕ, "ನಿನ್ನ ಹೊಟ್ಟಿ ತಣ್ಣಗಿರಲಿ" ಅಂದ. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ.

ಆ ಬಸ್ಸಿನ ಡ್ರೈವರ್ ನನಗೆ ಬೀಡಿ ಕೊಟ್ಟು, "ಉಸ್ತಾದ್ರ, ಈ ವರ್ಷ ನಿಮ್ಮ ಬಸ್ಸು ಎಲ್ಲೂ ನಿಂತದ್ದು ಕಾಣಲಿಲ್ಲಲ್ರಿ. ಎಲ್ಲಾ ಹೊಸಾ ಎಂಜಿನ್ ಹಾಕಸ್ಯಾರೇನು?" ಅಂತ ಕೇಳಿದ.

"ಎಂಜಿನ್ ಹಳೇವ ಅದಾವ. ದಿನಾ ಮುಂಜಾನಿ ಹೋಸ್ ಒತ್ತಿ ನೋಡ್ತಾರ, ಸೀಟಿನ ಹಿಂದ ಬೆಲ್ಟ್ ಇಟ್ಕೊಂತಾರ. ಯಾರ್ ಏನ ಮಾಡಬೇಕು ಅಂತ ಹಂಚಿಕೊಡಾಕ ನಮ್ಮಲ್ಲಿ ಒಬ್ಬಾವ ಅದಾನ."

ಮಾತು ಬಾಯಿಂದ ಜಾರಿದ ಮೇಲೆ ಬೀಡಿ ಬೆರಳು ಸುಟ್ಟಿತು. ಅವನು ಹತ್ತಿರ ಸರಿದ.

"ಯಾರ್ರಿ ಅವ? ನಮ್ಮ ಸಾಹುಕಾರ್ರು ಅಂಥಾವನ್ನ ಹುಡುಕಾಕತ್ಯಾರ. ಎಷ್ಟ ಕೇಳಿದ್ರೂ ಕೊಟ್ಟು ಕರಕೊಂತಾರ. ಹೆಸರು ಹೇಳ್ರಿ."

ಒಂದು ಹೆಸರು. ಹೇಳಿದ್ದರೆ ತಿಂಗಳೊಪ್ಪತ್ತಿನಲ್ಲಿ ಮೈಲಾರಪ್ಪ ಕೊಟ್ಟೂರಿನಿಂದ ಎದ್ದು ಹೋಗುತ್ತಿದ್ದ. ಅವನಿಲ್ಲದೆ ಬೀಡಿ ಆರುತ್ತಿತ್ತು, ಟೈರಿನ ಕಲ್ಲು ಉಳಿಯುತ್ತಿತ್ತು. ಮುಂದಿನ ಮಳೆಗೆ ನಮ್ಮ ಬಸ್ಸುಗಳು ಮೊದಲಿನ ಹಾಗೆ ನಾಲ್ಕು ದಾರಿಯಲ್ಲೂ ನಿಲ್ಲುತ್ತಿದ್ದವು, ನಾನು ಚೀಲ ಹೊತ್ತು ಇಳಿಯುತ್ತಿದ್ದೆ, ಜನ ಎದ್ದು ನಿಲ್ಲುತ್ತಿದ್ದರು. ಆ ಮಳೆಗಾಲ ಪೂರ್ತಿ ನಾನು ಬೇಡಿಕೊಂಡದ್ದು ಇದನ್ನೇ.

ಇಂಥವನನ್ನು ಎತ್ತಿ ಇವರಿಗೆ ಕೊಟ್ಟು, ನಾಳೆ ಇವರ ಬಸ್ಸು ನಿಲ್ಲದೆ ಓಡುವಾಗ ನಮ್ಮದು ಹುಣಸೆ ಗಿಡದ ಕೆಳಗೆ ನಿಂತಿರಬೇಕು. ಅದನ್ನು ನೆನೆದರೆ ಮೈಲಾರಪ್ಪನ ಮೇಲಿನ ಉರಿಗಿಂತ ದೊಡ್ಡ ಉರಿ ಎದ್ದಿತು.

"ಅಂಥಾವ ಒಬ್ಬಾವ ಅಂತ ಯಾರೂ ಇಲ್ಲ," ಅಂದೆ. "ನಮ್ಮಲ್ಲಿ ಎಲ್ಲಾರೂ ಮಾಡ್ತಾರ."

ಅವನು ನಂಬಿದನೋ ಇಲ್ಲವೋ, ನಾನು ಕೈ ಒರೆಸಿಕೊಂಡು, ನನಗಾಗಿ ಕಾದಿದ್ದ ನಮ್ಮ ಬಸ್ಸು ಹತ್ತಿದೆ. ಹೊಟ್ಟೆಕಿಚ್ಚು ಪಡುವುದಾದರೂ, ಆ ಮನುಷ್ಯ ನಮ್ಮ ಶೆಡ್ಡಿನಲ್ಲೇ ಇರಲಿ.